ಒಂದು ಉಸಿರು ತಡವಾಗಿ ಬಿದ್ದ ಅಕ್ಕಿಕಾಳು

ಕಿತ್ತೂರಿನ ಮದುವೆಯಲ್ಲಿ ಆದದ್ದು ಇಷ್ಟೇ: ನನ್ನ ತಮ್ಮ ಬೇಕೆಂದೇ ತಡ ಮಾಡಿದ. ಪೀಪಿ ಕೈಕೊಟ್ಟಿತು ಅನ್ನುವುದು ಸುಳ್ಳು. ತಲೆ ತಿರುಗಿತು ಅನ್ನುವುದೂ ಸುಳ್ಳು. ಸ್ವಾಮಿಗಳ ಮಂತ್ರ ಕಿವಿಗೆ ಬೀಳಲಿಲ್ಲ ಎಂದು ಯಾರೋ ಪುಣ್ಯಾತ್ಮರು ಅವನ ಪರವಾಗಿ ಹಬ್ಬಿಸಿದ್ದಾರೆ. ಅದಂತೂ ಶುದ್ಧ ಸುಳ್ಳು; ಆ ಮೈಕು ಹೆದ್ದಾರಿಯ ಮೇಲೆ ಹೋಗುವ ಲಾರಿಯವರಿಗೂ ಕೇಳಿಸುತ್ತಿತ್ತು. ಬಾಯಲ್ಲಿ ಪೀಪಿ ಇಟ್ಟುಕೊಂಡು, ಎದೆ ತುಂಬ ಗಾಳಿ ಎಳೆದುಕೊಂಡು, ಎಲ್ಲ ತಿಳಿದೂ ಸುಮ್ಮನೆ ನಿಂತಿದ್ದ. ಅರವತ್ತೇಳು ವರ್ಷದ ಮನುಷ್ಯ ಹಾಗೆ ಮಾಡಬಹುದೇ? ನನ್ನ ತಮ್ಮನಾದರೆ ಮಾಡಬಹುದು.

ಬೈಲಹೊಂಗಲದಲ್ಲಿ ಇವನಂಥ ಹುಚ್ಚ ಇನ್ನೊಬ್ಬನಿಲ್ಲ ಎಂದು ನಾನು ಹೇಳುವುದಿಲ್ಲ. ಇದ್ದಾರೆ. ಆದರೆ ಅವರೆಲ್ಲ ತಮ್ಮ ತಮ್ಮ ಮನೆಯಲ್ಲಿರುತ್ತಾರೆ. ಇವನು ಮದುವೆಗೆ ಬರುತ್ತಾನೆ!

ಊದುವುದು ನಮ್ಮ ಮನೆತನದ ಕಸುಬು. ನಮ್ಮಪ್ಪ ರಾಮದುರ್ಗದ ಕಡೆಯ ಸಾಲಹಳ್ಳಿಯಲ್ಲಿ ಸನಾದಿ ಊದುತ್ತಿದ್ದ. ಅವನು ಸನಾದಿ ಎತ್ತದೆ ಸುತ್ತಲಿನ ಊರುಗಳಲ್ಲಿ ಅಕ್ಕಿಕಾಳು ಬೀಳುತ್ತಿರಲಿಲ್ಲ. ಈ ಅಕ್ಕಿಕಾಳಿನ ವಿಷಯ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ತಾಳಿ ಕಟ್ಟುವ ಹೊತ್ತಿಗೆ ಎಲ್ಲರೂ ಮುಷ್ಟಿಯಲ್ಲಿ ಅರಿಸಿನದ ಅಕ್ಕಿ ಹಿಡಿದು ನಿಂತಿರುತ್ತೇವೆ. ಆದರೆ ತಾಳಿ ಕಟ್ಟಿದ್ದನ್ನು ನೋಡಿದವರು ಯಾರು? ಹಿಂದೆ ಸೋದರಮಾವಂದಿರ ರುಮಾಲು ಅಡ್ಡ ಬರುತ್ತಿತ್ತು, ಈಗ ವಿಡಿಯೊದವರ ಬೆನ್ನು ಅಡ್ಡ ಬರುತ್ತದೆ. ಹಾಗಾಗಿ ನಮ್ಮ ಕಡೆ ಯಾರೂ ಕಣ್ಣನ್ನು ನಂಬುವುದಿಲ್ಲ, ಕಿವಿಯನ್ನು ನಂಬುತ್ತಾರೆ. ವಾದ್ಯ ಮೊಳಗಿತೋ, ಅಕ್ಕಿ ಹೋಯಿತು, ಮದುವೆ ಆಯಿತು. ಮೊಳಗಲಿಲ್ಲವೋ, ಆಗಲಿಲ್ಲ. ನಮ್ಮಪ್ಪನಿಗೂ ಸ್ವಲ್ಪ ತಡ ಮಾಡುತ್ತಾನೆ ಎಂಬ ಹೆಸರಿತ್ತು. ಆದರೆ ಆ ಕಾಲದ ಜನರ ಕೈಯಲ್ಲಿ ಗಡಿಯಾರ ಇರಲಿಲ್ಲ.

ನನ್ನ ತಮ್ಮ ಇಪ್ಪತ್ತರ ಸುಮಾರಿಗೆ ಸನಾದಿ ಗೂಟಕ್ಕೆ ಹಾಕಿ ಬೈಲಹೊಂಗಲಕ್ಕೆ ಬಂದು ಬ್ಯಾಂಡ್ ಸೆಟ್ ಸೇರಿದ. ಅಲ್ಲಿ ಅವನ ಕೈಗೆ ಸಿಕ್ಕಿದ್ದು ಸ್ಯಾಕ್ಸೋಫೋನ್ ಎಂಬ ಹಿತ್ತಾಳೆಯ ಡೊಂಕು ಕೊಳವೆ. ನಾನು ಅದಕ್ಕೆ ಸೊಂಡಿಲು ಅನ್ನುತ್ತೇನೆ. ಅದರ ಮುಚ್ಚಳಗಳ ಚರ್ಮ ಹರಿದರೆ ರಾಮದುರ್ಗದ ಚಪ್ಪಲಿ ಹೊಲಿಯುವವನೊಬ್ಬನಿಂದ ಹಚ್ಚಿಸಿಕೊಂಡು ಬರುತ್ತಾನೆ. ಮದುವೆ ಇಲ್ಲದ ದಿನ ಹೊಲಿಗೆ ಮೆಷಿನ್ ತುಳಿಯುತ್ತಾನೆ. ಇರುವುದು ನಮ್ಮ ಮನೆಯ ಹಿಂದಿನ ಖೋಲಿಯಲ್ಲಿ, ಉಣ್ಣುವುದು ನನ್ನ ಕೈಯಿಂದ. ಲೆಕ್ಕವಿಲ್ಲದಷ್ಟು ಮದುವೆ ಊದಿದವನು ತಾನು ಒಂದನ್ನೂ ಆಗಲಿಲ್ಲ. ನಾಲ್ಕು ಕಡೆ ಕನ್ಯೆ ನೋಡಿದೆ. ಕೊನೆಗೆ ಯಾಕೋ ಒಲ್ಲೆ ಅಂತೀ ಎಂದು ಕೇಳಿದರೆ ಅವನು ಹೇಳಿದ್ದು ಇದು:

"ನಾ ಹಾರಾ ಹಾಕ್ಕೊಂಡ ಕುಂತ್ರ ಊದಾವ್ರ ಯಾರು, ಯಕ್ಕಾ?"

ಆಮೇಲೆ ನಾನು ಕನ್ಯೆ ಹುಡುಕುವುದನ್ನು ಬಿಟ್ಟೆ.

ಅಷ್ಟಾದರೂ ಅವನು ಮೊದಲು ನೆಟ್ಟಗಿದ್ದ. ಕೆಟ್ಟದ್ದು ಬೆಳಗಾವಿಯಲ್ಲಿ. ಒಮ್ಮೆ ಅಲ್ಲಿ ಒಂದು ಮೆರವಣಿಗೆ. ಇವನು ಎಲ್ಲರಿಗಿಂತ ಮುಂದೆ ನಿಂತು ಸಿನಿಮಾ ಹಾಡು ಊದುತ್ತಿದ್ದಾನೆ. ಮೇಲಿನ ಮನೆಯ ಕಿಟಕಿ ತೆರೆದು ಗೋವಾ ಕಡೆಯ ಮುದುಕನೊಬ್ಬ ತಲೆ ಹೊರಗೆ ಹಾಕಿ, ನೀನು ಊದುವುದು ಬಸ್ಸು ಹಿಡಿಯಲು ಓಡುವವನ ಹಾಗಿದೆ, ಮೇಲೆ ಬಾ ಅಂದನಂತೆ. ಬೇರೆ ಯಾರಾದರೂ ಆಗಿದ್ದರೆ ಬೈದು ಮುಂದೆ ಹೋಗುತ್ತಿದ್ದರು. ಇವನು ಮೇಲೆ ಹೋದ! ಇಳಿದು ಬರುವಷ್ಟರಲ್ಲಿ ನಾಲ್ಕು ತಾಸು. ಅಷ್ಟರಲ್ಲಿ ಕುದುರೆಯೂ ಇರಲಿಲ್ಲ, ಮದುಮಗನೂ ಇರಲಿಲ್ಲ. ಅತ್ತ ಮದುವೆ ಮುಗಿದು ಪಾತ್ರೆ ತೊಳೆಯುತ್ತಿದ್ದರು.

ಆ ಮುದುಕ ಮಾಸ್ತರರು ಹರೆಯದಲ್ಲಿ ಮುಂಬಯಿಯ ದೊಡ್ಡ ಹೋಟೆಲುಗಳಲ್ಲಿ ಜಾಝ್ ಎಂಬ ಅಮೆರಿಕದ ಸಂಗೀತ ನುಡಿಸಿದವರು. ಇವನು ಪ್ರತಿ ಸೋಮವಾರ ಬಸ್ಸು ಹತ್ತಿ ಅವರಲ್ಲಿಗೆ ಹೋಗುವುದು ಶುರುವಾಯಿತು. ಹನ್ನೊಂದು ವರ್ಷ ಹೋದ. ಕೊನೆಗೆ ಅವರು ಮಗಳ ಮನೆಗೆಂದು ಗೋವಾಕ್ಕೆ ಹೊರಟಾಗ ಒಂದು ಟ್ರಂಕು ತುಂಬ ರೆಕಾರ್ಡುಗಳನ್ನೂ ಅವನ್ನು ಹಾಡಿಸುವ ಪೆಟ್ಟಿಗೆಯನ್ನೂ ಇವನಿಗೆ ಕೊಟ್ಟರು. ಬಸ್ಸಿನಲ್ಲಿ ಟ್ರಂಕಿಗೆ ಕಿಟಕಿಯ ಸೀಟು ಹಿಡಿದು ಇವನು ಬೈಲಹೊಂಗಲದವರೆಗೆ ನಿಂತು ಬಂದ. ನಾನು ಬಾಗಿಲಲ್ಲೇ ಟ್ರಂಕು ತೆರೆಸಿ ನೋಡಿದೆ. ಕರಿ ತಾಟುಗಳು! ಊಟದ ತಾಟಿನಷ್ಟೇ ಅಗಲ, ನಡುವೆ ತೂತು. ಹನ್ನೊಂದು ವರ್ಷದ ಬಸ್ ಪ್ರಯಾಣಕ್ಕೆ ಬಂದದ್ದು ಇಷ್ಟೇ ಏನೋ ಎಂದು ಕೇಳಿದೆ. ಅವನು ಒಂದು ತಾಟನ್ನು ಅಂಗಿಯ ತುದಿಯಿಂದ ಒರೆಸುತ್ತ ಕುಳಿತಿದ್ದ.

ಅಂದಿನಿಂದ ಆ ಸಂಗೀತ ನಮ್ಮ ಮನೆಯಲ್ಲಿ ನೆಲೆಸಿತು. ಜಾಝ್ ಅಂದರೆ ಏನು ಎಂದು ನೀವು ಕೇಳಬಹುದು. ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವಳು ನಾನು, ನನಗೆ ತಿಳಿದಷ್ಟು ಹೇಳುತ್ತೇನೆ. ಅದು ಮಹಿಳಾ ಸಂಘದ ಸಭೆಯ ಹಾಗೆ. ಮೊದಲು ಎಲ್ಲರೂ ಕೂಡಿ ಪ್ರಾರ್ಥನೆ ಹಾಡುತ್ತಾರೆ. ಆಮೇಲೆ ಒಬ್ಬೊಬ್ಬರೇ ಎದ್ದು ತಮ್ಮ ತಮ್ಮ ಗೋಳು ಹೇಳಿಕೊಳ್ಳುತ್ತಾರೆ. ಒಬ್ಬಳು ಹೇಳುವಾಗ ಉಳಿದವರು ಹಿಂದೆ ಹ್ಞೂಂ, ಹ್ಞೂಂ ಅನ್ನುತ್ತಿರುತ್ತಾರೆ. ಕೊನೆಗೆ ಮತ್ತೆ ಎಲ್ಲರೂ ಕೂಡಿ ಅದೇ ಪ್ರಾರ್ಥನೆ ಹಾಡಿ ಮನೆಗೆ ಹೋಗುತ್ತಾರೆ. ಇದನ್ನು ತಮ್ಮನಿಗೆ ಹೇಳಿದೆ. ನಗುತ್ತಾನೆ ಅಂದುಕೊಂಡಿದ್ದೆ, ಮಾಸ್ತರರು ಹನ್ನೊಂದು ವರ್ಷ ಹೇಳಿದ್ದೂ ಇದನ್ನೇ ಅಂದುಬಿಟ್ಟ.

ಅವನಿಗೆ ಇಂಗ್ಲಿಷ್ ಬಾರದು, ನನಗೆ ಮೊದಲೇ ಬಾರದು. ಮಾಸ್ತರರು ಹೇಳಿದ ಹೆಸರುಗಳನ್ನು ಅವನು ಯಾರಿಗೂ ಹೇಳುವುದಿಲ್ಲ, ತಪ್ಪಾಗಿ ಉಚ್ಚರಿಸಿದರೆ ಅವರಿಗೆ ಅವಮಾನವಂತೆ. ಹಾಗಾಗಿ ತಾಟು ಇಡುವ ರಟ್ಟಿನ ಮೇಲಿನ ಚಿತ್ರ ನೋಡಿ ನಾವೇ ಹೆಸರಿಟ್ಟೆವು. ಕುಲಾವಿ ಹಾಕಿದವನು ಕುಲಾವಿಯಪ್ಪ. ಪಿಯಾನೊ ಬಾರಿಸುತ್ತ ತನಗೆ ತಾನೇ ಗುನುಗುವವನು ಗುನುಗಪ್ಪ. ಬಾರಿಸುವುದು ಒಂದು, ಗುನುಗುವುದು ಇನ್ನೊಂದು. ಹಾಡುವ ಹೆಂಗಸೊಬ್ಬಳಿದ್ದಾಳೆ, ಅವಳಿಗೆ ನಾನು ತಡದವ್ವ ಎಂದು ಹೆಸರಿಟ್ಟೆ. ತಾಳ ಎಲ್ಲಿ ಬಿತ್ತೋ ಅಲ್ಲಿ ಅವಳು ಇರುವುದಿಲ್ಲ. ಇನ್ನೇನು ಬಿಟ್ಟೇಹೋಯಿತು ಅನ್ನುವಾಗ ಬಂದು ಸೇರುತ್ತಾಳೆ. ಇದನ್ನು ದೋಷವೆಂದು ಯಾರೂ ಅವಳಿಗೆ ಹೇಳಲಿಲ್ಲವೇ ಎಂದು ಕೇಳಿದೆ.

"ದೋಷಲ್ಲ ಯಕ್ಕಾ. ತಾಳ ಮುಂದ ಹೋಗಿ ನಿಂತಿರತೈತಿ, ಆಕಿ ಹಿಂದಿಂದ ಬರತಾಳ. ಬರೂದಂತೂ ಖರೇ. ಆ ನಡುವ ನಮ್ಮ ಜೀವ ಹ್ಯಾಂಗ ಆಗತೈತಿ ನೋಡು, ಅದ ಹಾಡು."

ಹಾಗಾದರೆ ರಾಮದುರ್ಗದ ಬಸ್ಸೂ ಹಾಡುತ್ತದೆ ಎಂದೆ. ಹೌದು ಅಂದ.

ಇನ್ನೊಂದು ತಾಟಿನಲ್ಲಿ ಒಬ್ಬ ಕೆಮ್ಮುತ್ತಾನೆ. ಅದು ಯಾವುದೋ ಹೋಟೆಲಿನಲ್ಲಿ ಜನರ ಮುಂದೆ ನುಡಿಸುವಾಗ ದನಿ ತುಂಬಿಕೊಂಡ ತಾಟು. ಗ್ಲಾಸು ಮೇಜಿಗೆ ತಗಲಿದ್ದು ಕೇಳುತ್ತದೆ, ಕುರ್ಚಿ ಎಳೆದದ್ದು ಕೇಳುತ್ತದೆ, ಎಲ್ಲ ಮೆತ್ತಗಾಗಿ ಸೊಂಡಿಲಿನವನು ಒಬ್ಬನೇ ಉಳಿದಾಗ ಹಿಂದಿನ ಸಾಲಿನಿಂದ ಒಂದು ಕೆಮ್ಮು. ನನ್ನ ತಮ್ಮ ದಿನಾ ಮಧ್ಯಾಹ್ನ ರೊಟ್ಟಿ ಕೈಯಲ್ಲಿ ಹಿಡಿದು ಆ ಕೆಮ್ಮಿಗಾಗಿ ಕಾಯುತ್ತಾನೆ. ಈಗ ಬರತೈತಿ ನೋಡು, ಈಗ ಬರತೈತಿ. ಬಂದ ಮೇಲೆಯೇ ರೊಟ್ಟಿ ಮುರಿಯುವುದು. ಒಂದು ದಿನ ನನಗೂ ತಡೆಯಲಾಗಲಿಲ್ಲ.

"ಅಂವಗ ಯಾರರೆ ಒಂದಿಷ್ಟ ಅಜವಾನ ಕೊಡಬಾರದಿತ್ತೇನೋ?"

"ಕೊಟ್ಟಿದ್ರ ಕೆಮ್ಮು ಹೋಗತಿತ್ತು. ಅಂವಾ ಅಲ್ಲೆ ಬಂದ ಕುಂತಿದ್ದಾ ಅಂತ ನಮಗ್ಹೆಂಗ ಗೊತ್ತಾಗತಿತ್ತು?"

ಇಂಥವನ ಜೊತೆ ವಾದ ಮಾಡಿ ಏನು ಪ್ರಯೋಜನ, ಹೇಳಿ!

ಮಾಸ್ತರರಿಂದ ಕೇಳಿದ ಕಥೆಗಳನ್ನು ಅವನು ಮೆಷಿನ್ ತುಳಿಯುತ್ತ ಹೇಳುತ್ತಿದ್ದ. ಆ ಜನ ಇಡೀ ತಾಟನ್ನು ಎರಡು ದಿನದಲ್ಲಿ ಮುಗಿಸುತ್ತಿದ್ದರಂತೆ. ಆರೇಳು ಮಂದಿ, ಒಂದು ಖೋಲಿ, ಏನು ನುಡಿಸಬೇಕೆಂದು ಅಲ್ಲಿಗೆ ಬಂದ ಮೇಲೆಯೇ ಮಾತಾಡಿಕೊಳ್ಳುವುದು. ಎರಡು ದಿನದಲ್ಲಿ ನಮ್ಮ ಮನೆಯಲ್ಲಿ ಮಾವಿನಕಾಯಿ ಉಪ್ಪು ಬಿಡುವುದಿಲ್ಲ! ಒಬ್ಬ ತಪ್ಪು ಸ್ವರ ಹಿಡಿದರೆ ನಿಲ್ಲಿಸುತ್ತಿರಲಿಲ್ಲವಂತೆ. ಮುಂದಿನವನು ಅದೇ ತಪ್ಪು ಸ್ವರದಿಂದ ತನ್ನ ಮಾತು ಶುರುಮಾಡಿ ಅದು ತಪ್ಪೇ ಅಲ್ಲ ಅನ್ನುವ ಹಾಗೆ ಮಾಡಿಬಿಡುತ್ತಿದ್ದನಂತೆ. ಅಂಥ ಒಂದು ಜಾಗವನ್ನು ಅವನು ನನಗೆ ಹತ್ತು ಸಲ ಕೇಳಿಸಿದ್ದಾನೆ. ತಪ್ಪು ಯಾವುದು, ಮುಚ್ಚಿದ್ದು ಯಾವುದು ನನಗೆ ಒಂದು ಸಲವೂ ತಿಳಿಯಲಿಲ್ಲ. ಅದಕ್ಕೇ ಚೆನ್ನಾಗಿ ಮುಚ್ಚಿದ್ದಾರೆ ಎಂದ. ಅವರಲ್ಲಿ ಬಹಳ ಮಂದಿ ಕರಿಯ ಜನ. ಯಾವ ಹೋಟೆಲಿನಲ್ಲಿ ನುಡಿಸುತ್ತಿದ್ದರೋ ಅಲ್ಲಿ ಕುಳಿತು ಉಣ್ಣುವ ಹಾಗಿರಲಿಲ್ಲವಂತೆ. ಹಿಂದಿನ ಬಾಗಿಲಿನಿಂದ ಒಳಗೆ, ಹಿಂದಿನ ಬಾಗಿಲಿನಿಂದ ಹೊರಗೆ. ಇದನ್ನು ಹೇಳಿ ಅವನು ಒಂದು ಗಳಿಗೆ ಮೆಷಿನ್ ನಿಲ್ಲಿಸಿದ. ಮದುವೆಗಳಲ್ಲಿ ಬ್ಯಾಂಡಿನವರ ಪಂಕ್ತಿ ಕೊನೆಗೆ ಬೀಳುತ್ತದೆ, ಸಾರು ಅಷ್ಟೊತ್ತಿಗೆ ತಳ ಕಂಡಿರುತ್ತದೆ.

ಆ ತಾಟುಗಳಲ್ಲಿ ಒಂದು ಎತ್ತರದ ಛಾವಣಿಯ ಹಳೆಯ ಚರ್ಚಿನಲ್ಲಿ ತುಂಬಿಕೊಂಡದ್ದಂತೆ, ಅದಕ್ಕೇ ಆ ಗುಂಗು. ನನಗೂ ಆ ಗುಂಗು ಬೇಕು ಅಂತ ಶುರುಮಾಡಿದ. ಬೈಲಹೊಂಗಲದಲ್ಲಿ ಅವನಿಗೆ ಚರ್ಚು ಯಾರು ಬಿಟ್ಟುಕೊಡುತ್ತಾರೆ? ಸಾಲಹಳ್ಳಿಗೆ ಹೋದ. ನಮ್ಮ ತವರಿನ ಅಂಗಳದಲ್ಲಿ ಒಂದು ಹಳೆಯ ಹಗೇವು ಇದೆ, ಹಿಂದೆ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿ. ಬಾಯಿ ತೆರೆದ ಕೂಡಲೇ ಇಳಿದರೆ ಉಸಿರುಕಟ್ಟಿ ಸಾಯುತ್ತಾರೆ. ಎರಡು ದಿನ ಬಾಯಿ ತೆರೆದಿಟ್ಟು, ಕಂದೀಲು ಇಳಿಬಿಟ್ಟು ನೋಡಿ, ಆಮೇಲೆ ಸೊಂಡಿಲನ್ನು ಬೆನ್ನಿಗೆ ಕಟ್ಟಿಕೊಂಡು ಇಳಿದ. ಅಷ್ಟು ಬುದ್ಧಿ ಇದೆ, ಇಲ್ಲವೆನ್ನುವುದಿಲ್ಲ. ಹೊಲಕ್ಕೆ ಹೊರಟಿದ್ದ ಮುದುಕನೊಬ್ಬ ಅಂಗಳ ದಾಟುವಾಗ ಕಾಲ ಕೆಳಗಿನ ನೆಲ ದನಿ ತೆಗೆಯಿತು. ಅವನು ಓಡಿಹೋಗಿ ಹತ್ತು ಮಂದಿಯನ್ನು ಕರೆತಂದ, ಹಗ್ಗ ತಂದರು, ಯಾರೋ ಪಾಪ ಬಿದ್ದು ಅಳುತ್ತಿದ್ದಾರೆ ಎಂದು ಮೇಲಿನಿಂದ ಧೈರ್ಯ ಹೇಳಿದರು. ಎಳೆದು ಹೊರಗೆ ಹಾಕಿದಾಗ ಇವನು ತಲೆಯ ಮೇಲಿನ ಹಳೆ ಜೋಳದ ಹೊಟ್ಟು ಕೊಡವಿಕೊಂಡು ಹೇಳಿದ್ದೇನು ಗೊತ್ತೇ?

"ಅಳೂದಲ್ಲರಿ ಅದು, ನಗೂದು. ಇನ್ನೊಂದ ಸ್ವಲ್ಪ ಬಿಟ್ಟಿದ್ರ ನಿಮಗೂ ತಿಳೀತಿತ್ತು."

ನನ್ನ ಮೊಮ್ಮಗಳು ಸವದತ್ತಿಯಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ, ದಿನಾ ಹೋಗಿ ಬರುತ್ತಾಳೆ. ಅವಳು ಇವನಿಗೆ ಚಿಕ್ಕಂದಿನಿಂದ ಊದೋ ಅಜ್ಜ ಅನ್ನುತ್ತಾಳೆ. ಆರು ವರ್ಷದವಳಿದ್ದಾಗಲೇ ನನ್ನ ಮದುವೆಗೆ ನೀನೇ ಊದಬೇಕು ಎಂದು ಮಾತು ತೆಗೆದುಕೊಂಡಿದ್ದಾಳೆ. ಅವಳನ್ನು ನೋಡಲು ಮುನವಳ್ಳಿಯಿಂದ ಬೀಗರು ಬಂದರು. ಹಿಂದಿನ ಖೋಲಿಯ ಗೋಡೆ ಹಸಿಯಾಗಿದೆ ಎಂದು ತಮ್ಮ ಆ ವಾರ ಕೆಲವು ರಟ್ಟುಗಳನ್ನು ಪಡಸಾಲೆಯ ಗೋಡೆಯ ಮಾಡದಲ್ಲಿ, ದೇವರ ಫೋಟೋದ ಪಕ್ಕ ಇಟ್ಟಿದ್ದ. ಒಂದರ ಮೇಲೆ ಬರೀ ಒಂದು ಮುಖ: ಗಡ್ಡ, ಮುಚ್ಚಿದ ಕಣ್ಣು, ಹಣೆಯ ಮೇಲೆ ಬೆವರು. ಹುಡುಗನ ತಾಯಿ ಒಳಗೆ ಬಂದವರೇ ದೇವರಿಗೆ ಕೈಮುಗಿದು, ಆ ರಟ್ಟಿಗೂ ಹಣೆ ಮುಟ್ಟಿಸಿ ನಮಸ್ಕಾರ ಮಾಡಿದರು.

"ಇವ್ರು ಯಾವ ಮಠದ ಅಜ್ಜಾರ್ರೀ?"

ನಾನು ಚಹಾದ ನೆಪ ಹೇಳಿ ಅಡಿಗೆಮನೆಯ ಕಡೆ ತಿರುಗಿದೆ. ತಮ್ಮ ಮಾತ್ರ ತಣ್ಣಗೆ, "ಭಾಳ ದೂರದ ಮಠರೀ. ತಪಸ್ಸು ದೊಡ್ಡದು" ಅಂದ. ಬೀಗಿತ್ತಿ, ಮುಖ ನೋಡಿದರೆ ಗೊತ್ತಾಗುತ್ತದೆ ಬಿಡ್ರಿ ಎಂದರು. ಅಂದೇ ಮಾತು ಮುಗಿದು ಸಕ್ಕರೆ ಹಂಚಿದೆವು. ಅಜ್ಜಾರ ದಯೆಯಿಂದ ನೆಂಟಸ್ತನ ಆಯಿತೆಂದು ಬೀಗಿತ್ತಿ ಇಂದಿಗೂ ನಂಬಿದ್ದಾರೆ.

ಇನ್ನು ಕಿತ್ತೂರಿಗೆ ಬರುತ್ತೇನೆ.

ಅದು ನಮ್ಮ ತಂಗಿಯ ಮೊಮ್ಮಗಳ ಮದುವೆ. ತಂಗಿ ಹೋಗಿ ಆರು ವರ್ಷವಾಯಿತು. ಅವಳ ಪಾಲಿನ ಅಕ್ಕಿಕಾಳೂ ನನ್ನ ಸೆರಗಿನ ಗಂಟಿನಲ್ಲೇ ಇತ್ತು. ಹೆದ್ದಾರಿಗೆ ಹತ್ತಿದ ಮಂಗಲ ಕಾರ್ಯಾಲಯ. ಕೆಳಗೆ ಊಟದ ಮನೆ, ಮೇಲೆ ಮದುವೆಯ ಹಾಲು, ನಡುವೆ ಹದಿನೆಂಟು ಮೆಟ್ಟಿಲು. ನಮ್ಮ ಬೈಲಹೊಂಗಲದ ಬ್ಯಾಂಡನ್ನೇ ಕರೆಸಿದ್ದರು. ಗಂಡಿನ ಕಡೆಯ ನೆಂಟರೆಂದು ಮುನವಳ್ಳಿಯ ಬೀಗರೂ ಬಂದು ಮುಂದಿನ ಸಾಲಿನಲ್ಲಿದ್ದರು. ಮಂತ್ರ ಶುರುವಾದ ಹೊತ್ತಿಗೆ ನಾನು ಒಂದು ಕೆಲಸಕ್ಕೆ ಕೆಳಗೆ ಹೋಗಿದ್ದೆ. ಏನು ಕೆಲಸವೆಂದು ಆಮೇಲೆ ಹೇಳುತ್ತೇನೆ.

ಬ್ಯಾಂಡಿನಲ್ಲಿ ಒಂದು ಪದ್ಧತಿ. ಡೋಲಿನವರು ಕೋಲು ಎತ್ತಿ ಹಿಡಿದಿರುತ್ತಾರೆ, ಕಹಳೆಯವರು ಬಾಯಿಗೆ ಇಟ್ಟಿರುತ್ತಾರೆ, ಆದರೆ ಮೊದಲ ಸ್ವರ ಸ್ಯಾಕ್ಸೋಫೋನಿನದು. ಅದು ಬರದೆ ಉಳಿದವರು ಮುಟ್ಟುವ ಹಾಗಿಲ್ಲ. ಸ್ವಾಮಿಗಳು ಕೊನೆಯ ಮಂತ್ರ ಮುಗಿಸಿ ಕೈ ಎತ್ತಿದರು. ತಾಳಿಯ ಮೂರನೆಯ ಗಂಟು ಬಿತ್ತು. ನೂರಾರು ಮುಷ್ಟಿ ಮೇಲೆದ್ದವು. ನನ್ನ ತಮ್ಮ ಉಸಿರು ತುಂಬಿಕೊಂಡ. ಆಮೇಲೆ ಏನೂ ಇಲ್ಲ.

ಏನೂ ಇಲ್ಲವೆಂದರೆ ಏನೂ ಇಲ್ಲ! ಎತ್ತಿದ ಕೋಲು ಎತ್ತಿದಲ್ಲೇ, ಹಿಡಿದ ಮುಷ್ಟಿ ಹಿಡಿದಲ್ಲೇ. ಮಕ್ಕಳ ಬೆರಳ ಸಂದಿಯಿಂದ ಅಕ್ಕಿ ಸೋರತೊಡಗಿತು. ಒಬ್ಬರು ಸೀನಿದರೆ ಅವರ ಅಕ್ಕಪಕ್ಕದ ಎಂಟು ಜನ ಅದನ್ನೇ ವಾದ್ಯವೆಂದು ತಿಳಿದು ಅಕ್ಕಿ ಎಸೆದುಬಿಟ್ಟರು. ಮದುಮಗ, ನಾನು ಮದುವೆಯಾದೆನೋ ಇಲ್ಲವೋ ಎಂದು ಸ್ವಾಮಿಗಳ ಮುಖ ನೋಡಿದ. ಸ್ವಾಮಿಗಳು ಬ್ಯಾಂಡಿನ ಮಾಲಕನ ಮುಖ ನೋಡಿದರು. ಮಾಲಕ ನನ್ನ ತಮ್ಮನನ್ನು ಕಣ್ಣಲ್ಲೇ ಸುಟ್ಟ. ಸ್ವಾಮಿಗಳು ಮೈಕಿನಲ್ಲೇ ಕೇಳಿದರಂತೆ, ಬ್ಯಾಂಡಿನವರು ಇದ್ದಾರೋ ಉಣ್ಣಾಕ ಹೋಗ್ಯಾರೋ ಎಂದು. ಅಷ್ಟರಲ್ಲಿ ನಾನು ಏದುಸಿರು ಬಿಡುತ್ತ ಮೇಲೆ ಬಂದೆ. ಬಾಗಿಲಲ್ಲಿ ನಿಂತು ನೋಡಿದರೆ ಇಡೀ ಹಾಲು ಫೋಟೋಕ್ಕೆ ನಿಂತ ಹಾಗೆ ನಿಂತಿದೆ. ಸೊಂಟದ ಸೆರಗಿನ ಗಂಟಿನಲ್ಲಿದ್ದ ಅಕ್ಕಿಯನ್ನು ತೆಗೆದುಕೊಂಡು ಕೈ ಎತ್ತಿದೆ. ಎತ್ತಿದ್ದೇ ತಡ, ಊದಿದ.

ದಿನಾ ಊದುವ ಹಾರಾಟದ ಹಾಡಲ್ಲ. ಒಂದೇ ಸ್ವರ, ಕೆಳಗಿನದು, ಉದ್ದ. ಅಕ್ಕಿ ಬಿತ್ತು. ಸರಿಯಾದ ಹೊತ್ತಿಗೆ ಬಂದೆನಲ್ಲ, ನನ್ನ ಅದೃಷ್ಟ ದೊಡ್ಡದು ಎಂದು ನಾನು ಅಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ತಮ್ಮನ ಅದೃಷ್ಟ ಹಾಗಿರಲಿಲ್ಲ. ಮುಹೂರ್ತ ಮೀರಿತೆಂದು ಗಂಡಿನ ಕಡೆಯ ಹಿರಿಯರು ಕೂಗಾಡಿದರು. ಸಾರು ಬಡಿಸುವ ಮೊದಲೇ ಮಾಲಕ ನಾಳೆಯಿಂದ ಬರಬೇಡ ಎಂದ. ನಲವತ್ತೇಳು ವರ್ಷ ಊದಿದ ಬ್ಯಾಂಡು! ತಡದವ್ವನ ಆಟವನ್ನು ಮದುವೆಯಲ್ಲಿ ಆಡಿದೆಯೇನೋ ಎಂದು ಮನೆಗೆ ಬಂದ ಮೇಲೆ ನಾನೂ ಬೈದೆ. ತಾಟಿನೊಳಗಿನ ಹೆಂಗಸು ತಡ ಮಾಡಿದರೆ ಯಾರ ಮುಹೂರ್ತವೂ ಕೆಡುವುದಿಲ್ಲ, ನೀನು ಇಡೀ ಮನೆತನದ ಮರ್ಯಾದೆ ಕಳೆದೆ ಎಂದೆ. ಅವನು ಸೊಂಡಿಲನ್ನು ಒರೆಸಿ, ಹಳೆಯ ಕೌದಿಯಲ್ಲಿ ಸುತ್ತಿ, ಮಂಚದ ಕೆಳಗೆ ತಳ್ಳಿದ.

ವಾರದೊಳಗೆ ಮುನವಳ್ಳಿಯಿಂದ ಫೋನ್ ಬಂತು. ಬೀಗಿತ್ತಿ ಮರ್ಯಾದೆಯಿಂದಲೇ ಹೇಳಿದರು. ಮದುವೆ ನಿಶ್ಚಯವಾದಂತೆಯೇ ಆಗಲಿ, ಆದರೆ ವಾದ್ಯ ನಾವು ಗೊತ್ತು ಮಾಡುತ್ತೇವೆ. ನಿಮ್ಮ ತಮ್ಮ ಮುಂದಿನ ಸಾಲಿನಲ್ಲಿ ಕೂಡಲಿ, ಮೊದಲ ಪಂಕ್ತಿಯಲ್ಲಿ ಉಣ್ಣಲಿ, ಉಡುಗೊರೆ ತೆಗೆದುಕೊಳ್ಳಲಿ. ಊದುವುದು ಮಾತ್ರ ಬೇಡ. ನಾನು ಆಗಲಿ ಎಂದೆ. ತಮ್ಮನಿಗೂ ನಾನೇ ಹೇಳಿದೆ.

"ಆತು" ಅಂದ. ಆಮೇಲೆ, "ಸುಮ್ಮ ಕುಂಡ್ರೂದು ನನಗ ಬರೂದಿಲ್ಲ ಯಕ್ಕಾ. ಎಲಿ ಅಡಿಕಿ ಹಂಚತೇನಿ" ಅಂದ.

ಮೊಮ್ಮಗಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಅದನ್ನು ತಡೆದುಕೊಂಡೆ. ತಡೆಯಲಾಗದ್ದು ಬೇರೆ. ಮಧ್ಯಾಹ್ನ ರೊಟ್ಟಿಗೆ ಕುಳಿತರೆ ಮನೆ ಗಪ್ಪಾಗಿರುತ್ತಿತ್ತು. ಅವನು ಪೆಟ್ಟಿಗೆಯನ್ನೇ ತೆರೆಯುತ್ತಿರಲಿಲ್ಲ. ಗುನುಗಪ್ಪ ಇಲ್ಲ, ಕುಲಾವಿಯಪ್ಪ ಇಲ್ಲ. ಇಷ್ಟು ವರ್ಷ ಆ ಕೆಮ್ಮಿನವನನ್ನು ಬೈದವಳು ನಾನು, ಈಗ ಕೆಮ್ಮು ಕೇಳದೆ ರೊಟ್ಟಿ ಮುರಿಯಲು ಮನಸ್ಸಾಗುತ್ತಿರಲಿಲ್ಲ. ಒಂದು ದಿನ ನಾನೇ ಕೆಮ್ಮಿ ನೋಡಿದೆ. ತಮ್ಮ ತಲೆ ಎತ್ತಿ, ನೀರು ಬೇಕೇನು ಎಂದು ಕೇಳಿದ. ಅಷ್ಟೇ.

ಮದುವೆಗೆ ಹನ್ನೆರಡು ದಿನ ಉಳಿದಿತ್ತು. ಕಿತ್ತೂರಿನ ಮದುವೆಯ ವಿಡಿಯೊ ಬಂತು. ಭಾನುವಾರ ಮಧ್ಯಾಹ್ನ ಮೊಮ್ಮಗಳು ಅದನ್ನು ಟಿವಿಗೆ ಹಚ್ಚಿದಳು, ಓಣಿಯ ಹೆಂಗಸರೆಲ್ಲ ಬಂದು ಕುಳಿತರು. ತಮ್ಮ ತನ್ನ ಖೋಲಿಯಿಂದ ಹೊರಗೆ ಬರಲಿಲ್ಲ. ತಡವಾದ ಜಾಗ ಬಂದಾಗ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಐದು ನಿಮಿಷ, ಹತ್ತು ನಿಮಿಷ ಎಂದು ಊರಲ್ಲಿ ಮಾತಾಗಿತ್ತು. ನೋಡಿದರೆ ಒಂದು ನಿಮಿಷವೂ ಇಲ್ಲ. ವಿಡಿಯೊದವನು ತಪ್ಪು ಯಾರದೆಂದು ತೋರಿಸಲು ಬ್ಯಾಂಡಿನ ಕಡೆ ಕ್ಯಾಮೆರಾ ತಿರುಗಿಸಿದ್ದ. ನನ್ನ ತಮ್ಮನ ಮುಖ ಟಿವಿ ತುಂಬ ಬಂತು.

ಅವನು ಸ್ವಾಮಿಗಳನ್ನು ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ತನ್ನ ತಾಟಿನ ಲೋಕದಲ್ಲೂ ಇರಲಿಲ್ಲ. ಬಾಗಿಲು ನೋಡುತ್ತಿದ್ದ. ಗಲ್ಲ ಕೆಂಪಾಗುತ್ತಿದೆ, ಕತ್ತಿನ ನರ ಎದ್ದಿವೆ, ಮಾಲಕ ಹಿಂದಿನಿಂದ ಬೆನ್ನಿಗೆ ತಿವಿಯುತ್ತಿದ್ದಾನೆ, ಇವನು ಬಾಗಿಲಿನಿಂದ ಕಣ್ಣು ಕೀಳುತ್ತಿಲ್ಲ. ಆಮೇಲೆ ಕ್ಯಾಮೆರಾ ಹಿಂದೆ ಸರಿದು ಬಾಗಿಲನ್ನೂ ತೋರಿಸಿತು, ಅಲ್ಲಿ ಒಬ್ಬ ಮುದುಕಿ ಬಂದಳು. ಒಂದು ಕೈ ಗೋಡೆಯ ಮೇಲೆ, ಒಂದು ಕೈ ಮೊಣಕಾಲಿನ ಮೇಲೆ. ನಾನೇ. ಮುದುಕಿ ಸೆರಗಿನ ಗಂಟು ಬಿಚ್ಚುತ್ತಾಳೆ, ಇವನು ಕಾಯುತ್ತಾನೆ. ಮುದುಕಿ ಕೈ ಎತ್ತುತ್ತಾಳೆ, ಇವನು ಊದುತ್ತಾನೆ.

ಓಣಿಯ ಹೆಂಗಸರು ಇನ್ನೂ ನಗುತ್ತಿದ್ದರು. ನನಗೆ ನಮ್ಮಪ್ಪ ನೆನಪಾದ. ಸಾಲಹಳ್ಳಿಯ ಅಂಗಳದಲ್ಲಿ ಈ ತಮ್ಮನಿಗೆ ಸನಾದಿ ಹಿಡಿಯಲು ಕಲಿಸುವಾಗ ಅಪ್ಪ ಹೇಳುತ್ತಿದ್ದುದನ್ನು ನಾನು ಜೋಳ ಬೀಸುತ್ತ ಕೇಳಿದ್ದೆ: ಸ್ವಾಮಿಗಳು ಹೊತ್ತು ನೋಡಲಿ, ನೀ ಬಾಗಿಲಾ ನೋಡು; ಮನೆಯವರು ಯಾರಾದರೂ ಹೊರಗೆ ಉಳಿದರೇನು ನೋಡು. ಅಪ್ಪ ತಡ ಮಾಡುತ್ತಾನೆಂದು ಹೆಸರು ಪಡೆದದ್ದು ಅದಕ್ಕೇ. ಐವತ್ತು ವರ್ಷದ ಮೇಲೆ ನೆನಪಾಯಿತು ನೋಡಿ, ನನಗೂ ತಡವೇ.

ಇನ್ನು ಆ ಕೆಲಸ ಏನೆಂದು ಹೇಳಿಬಿಡುತ್ತೇನೆ. ಈ ವಯಸ್ಸಿಗೂ ಕಬ್ಬು ಸಿಗಿದು ತಿನ್ನುತ್ತೇನೆ ಎಂದು ಊರೆಲ್ಲ ಜಂಬ ಕೊಚ್ಚಿದವಳು ನಾನು. ಹಲ್ಲು ಕಟ್ಟಿಸಿಕೊಂಡವರನ್ನು ಕಂಡರೆ ಅಣಕಿಸುತ್ತಿದ್ದೆ. ಅಂಥವಳು ಯಾರಿಗೂ ಹೇಳದೆ ಎರಡೂ ಸಾಲು ಕಟ್ಟಿಸಿಕೊಂಡು ಒಂದು ತಿಂಗಳಾಗಿತ್ತು. ಗೊತ್ತಿದ್ದುದು ಸೊಸೆಗೆ ಮಾತ್ರ. ಕಿತ್ತೂರಿನಲ್ಲಿ ಉಪ್ಪಿಟ್ಟು ತಿನ್ನುವಾಗ ವಸಡು ಉರಿಯಿತೆಂದು ಕರವಸ್ತ್ರದಲ್ಲಿ ಬಿಚ್ಚಿಟ್ಟು ಕೈತೊಳೆಯುವ ನಳದ ಮೇಲೆ ಮರೆತಿದ್ದೆ. ಮಂತ್ರ ಶುರುವಾದಾಗ ನೆನಪಾಗಿ, ಸೆರಗು ಬಾಯಿಗೆ ಅಡ್ಡ ಹಿಡಿದು ಹದಿನೆಂಟು ಮೆಟ್ಟಿಲು ಇಳಿದೆ, ಹದಿನೆಂಟು ಮೆಟ್ಟಿಲು ಹತ್ತಿದೆ.

ಹೆಂಗಸರು ಹೋದ ಮೇಲೆ ಹಿಂದಿನ ಖೋಲಿಗೆ ಹೋದೆ. ಅವನು ಮೊಮ್ಮಗಳ ಕುಪ್ಪಸಕ್ಕೆ ಗುಂಡಿ ಹಚ್ಚುತ್ತ ಕುಳಿತಿದ್ದ.

"ನನಗಾಗಿ ತಡದೇನು?"

ಸೂಜಿಯಿಂದ ತಲೆ ಎತ್ತಲಿಲ್ಲ. "ತಂಗೀ ಪಾಲಿನ ಅಕ್ಕಿನೂ ನಿನ್ನ ಕೈಯಾಗಿತ್ತಲ್ಲ. ನೀ ಬರೂದಂತೂ ಖರೇ ಇತ್ತು."

"ಮಾಲಕಗ ಹೇಳಬಾರದಿತ್ತಾ? ಬೀಗರಿಗೆ? ನಾ ಬೈಯುವಾಗರೆ ನನಗ?"

"ಹೇಳಿದ್ರ, ಅಕ್ಕ ಕೆಳಗ ಯಾಕ ಹೋಗಿದ್ಲು ಅಂತ ಕೇಳತಿದ್ರು."

ಅವನು ಬಾಯಿಂದ ದಾರ ಕಚ್ಚಿ ಹರಿದ. "ಸೆರಗ ಬಾಯಿಗೆ ಹಿಡ್ಕೊಂಡ ಓಡಿದ್ದ ನೋಡಿದ್ನಿ. ಒಂದ ತಿಂಗಳಿಂದ ನೀ ಮಾತಾಡೂದ್ರಾಗ ಒಂದ ಸಣ್ಣ ಸೀಟಿ ಬರತೈತಿ ಯಕ್ಕಾ. ಊದಾವ್ರಿಗೆ ಕೇಳಸೂದಿಲ್ಲೇನು?"

ನನ್ನ ಹಲ್ಲಿನ ಗುಟ್ಟು ಹೊರಬೀಳಬಾರದೆಂದು ಅವನು ನಲವತ್ತೇಳು ವರ್ಷದ ಬ್ಯಾಂಡನ್ನು ಬಿಟ್ಟಿದ್ದ. ನನ್ನ ಕಣ್ಣಲ್ಲಿ ನೀರು ಬಂತೆಂದು ಯಾರೂ ತಿಳಿಯಬೇಡಿ. ನನಗೆ ಸಿಟ್ಟು ಬಂತು. ಕುಪ್ಪಸದ ಗುಂಡಿ ಡೊಂಕಾಗಿದೆ ನೋಡಿಕೋ ಎಂದು ಹೇಳಿ ಎದ್ದು ಬಂದೆ. ಡೊಂಕಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಮುನವಳ್ಳಿಗೆ ಹೋದೆ. ಬೀಗಿತ್ತಿ ಬರ್ರಿ, ಕುಂಡ್ರಿ ಎಂದು ಚಾಪೆ ಹಾಸಿ, ಬಿಸಿ ಚಹಾ ತಂದು ಮುಂದಿಟ್ಟರು. ನಾನು ಕಪ್ಪನ್ನು ತಟ್ಟೆಯಿಂದ ಎತ್ತಿ ಪಕ್ಕಕ್ಕೆ ಇಟ್ಟೆ. ಎರಡೂ ಸಾಲು ಹಲ್ಲು ಬಿಚ್ಚಿ ಆ ತಟ್ಟೆಯಲ್ಲಿ ಇಟ್ಟೆ. ಕಿತ್ತೂರಿನಲ್ಲಿ ತಡವಾದದ್ದು ಇದರಿಂದ, ಅವನಿಂದಲ್ಲ ಎಂದು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಹಲ್ಲಿಲ್ಲದ ಬಾಯಲ್ಲಿ ಅರ್ಧ ಮಾತು ಗಾಳಿಯಾಗಿ ಹೋಯಿತು, ಆದರೂ ಹೇಳಿದೆ. ನಮ್ಮ ಹುಡುಗಿಯ ಮದುವೆಗೆ ಅವನೇ ಊದುತ್ತಾನೆ, ಗಡಿಯಾರ ನೋಡುವವರು ಮೊದಲೇ ಅಕ್ಕಿ ಹಾಕಿ ಕೆಳಗೆ ಊಟಕ್ಕೆ ಹೋಗಬಹುದು ಎಂದೂ ಹೇಳಿದೆ.

ಬೀಗಿತ್ತಿ ತಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು. ಅವರ ಮನೆಯಲ್ಲೂ ನಡೆಯಲಾಗದ ಅತ್ತೆ ಒಬ್ಬರಿದ್ದಾರೆ, ಒಳಗಿನ ಖೋಲಿಯಲ್ಲಿ ಮಲಗಿದ್ದರು. ಅತ್ತ ಒಮ್ಮೆ ತಿರುಗಿ ನೋಡಿದರು.

"ನಮ್ಮ ಅತ್ತಿಯವ್ರನ್ನ ಕುರ್ಚಿ ಮ್ಯಾಲ ಎತ್ತಿಕೊಂಡ ಬರಬೇಕಾಗತೈತ್ರಿ. ಅಲ್ಲೀ ಮಟಾ ತಡಿತಾರೇನು?"

ತಡೆಯುತ್ತಾನೆ ಎಂದೆ. ಹಾಗಾದರೆ ಅವರೇ ಊದಲಿ ಅಂದರು. ಆಮೇಲೆ ಸ್ವಲ್ಪ ಸಂಕೋಚದಿಂದ, ನಿಮ್ಮ ಮಾಡದಲ್ಲಿರುವ ಆ ದೂರದ ಮಠದ ಅಜ್ಜಾರ ಫೋಟೋವನ್ನೂ ಹಂದರದಲ್ಲಿ ಇಡುವುದಾದರೆ ಬಹಳ ಚಲೋ ಆಗುತ್ತದೆ ಎಂದರು.

ಒಂದು ಮುಂಜಾನೆಗೆ ಒಂದು ನಿಜ ಸಾಕು. ಆಗಲಿ ಎಂದೆ, ಹಲ್ಲು ಹಾಕಿಕೊಂಡೆ, ಆರಿದ ಚಹಾ ಕುಡಿದೆ.